ಏರ್ ಫಿಲ್ಟರ್ ಡಬ್ಬಿಯೂ ಮೋಟಾರು ವಾಹನ ಕಾಯಿದೆಯೂ

ಕಾರಿನ ಎಂಜಿನ್ನು ಹೊರಗಿನಿಂದ ಎಳೆದುಕೊಳ್ಳುವ ಗಾಳಿಯನ್ನು ಸೋಸುವ ಫಿಲ್ಟರನ್ನು ಒಳಗಿಟ್ಟುಕೊಂಡ ಮುಚ್ಚಿದ ಪೆಟ್ಟಿಗೆಗೆ ಗ್ಯಾರೇಜುಗಳಲ್ಲಿ ಏರ್ ಫಿಲ್ಟರ್ ಡಬ್ಬಿ ಅಥವಾ ಏರ್ ಬಾಕ್ಸ್ ಎಂದು ಹೆಸರು. ಕಡೂರು ತಾಲ್ಲೂಕಿನ ಯಗಟಿಯಂಥ ಬಯಲುಸೀಮೆಯ ಹೋಬಳಿಗಳಲ್ಲಿ, ಹುರುಳಿ ಮತ್ತು ರಾಗಿಯ ಒಕ್ಕಣೆಯ ಕಾಲಕ್ಕೆ ರಸ್ತೆಯ ಮೇಲೇ ಹೊಟ್ಟು ಹಾರುವಾಗ, ಈ ಡಬ್ಬಿಯ ಕೆಲಸ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. 1.2 ಲೀಟರ್ ಸಾಮರ್ಥ್ಯದ ನಾಲ್ಕು ಹೊಡೆತದ ಎಂಜಿನ್ನು ಪೂರ್ತಿ ತೆರೆದ ಥ್ರಾಟಲ್‌ನಲ್ಲಿ ನಿಮಿಷಕ್ಕೆ 3,000 ಸುತ್ತು ತಿರುಗಿದರೆ, ಲೆಕ್ಕದ ಪ್ರಕಾರ ಅದು ನಿಮಿಷಕ್ಕೆ ಸುಮಾರು 1,800 ಲೀಟರ್ ಗಾಳಿಯನ್ನು ಎಳೆಯುತ್ತದೆ. ಹಳೆಯ ಕಾರಿನ ಪ್ಲಾಸ್ಟಿಕ್ ಡಬ್ಬಿ ಸೀಳಿ, ಅದರ ಬದಲಿ ಭಾಗ ಸಿಗದಿದ್ದಾಗ ತಗಡು, ಪಿವಿಸಿ ಪೈಪು ಅಥವಾ ಫೈಬರ್‌ಗ್ಲಾಸಿನಿಂದ ಡಬ್ಬಿಯನ್ನು ತಾವೇ ಮಾಡಿಕೊಳ್ಳುವವರುಂಟು. ತಣ್ಣನೆಯ ಗಾಳಿ ಹೆಚ್ಚು ಸಿಕ್ಕರೆ ಎಂಜಿನ್ನಿನ ಶಕ್ತಿಯೂ ಹೆಚ್ಚುತ್ತದೆಂಬ ಆಸೆಯಿಂದ ಮಾಡಿಕೊಳ್ಳುವವರೂ ಉಂಟು. ಹೀಗೆ ಮಾಡಿಕೊಳ್ಳುವುದು ಕಾನೂನಿನ ಕಣ್ಣಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಡಬ್ಬಿಯಿಂದ ಏನು ಬದಲಾಯಿತು ಎಂಬುದನ್ನು ನೋಡಿಯೇ ಉತ್ತರ ಹೇಳಬೇಕಾಗುತ್ತದೆ.

ಈ ಡಬ್ಬಿ ದೂಳು ತಡೆಯುವ ಪಾತ್ರೆ ಮಾತ್ರವಲ್ಲ. ಗಾಳಿ ಎಳೆಯುವ ಸದ್ದನ್ನು ತಗ್ಗಿಸುವುದು, ಮಳೆನೀರನ್ನು ಬೇರ್ಪಡಿಸುವುದು, ಎಂಜಿನ್ನಿನ ತಳಭಾಗದಿಂದ ಬರುವ ಎಣ್ಣೆಯ ಆವಿಯನ್ನು ಹೊರಗೆ ಬಿಡದೆ ಮತ್ತೆ ಉರಿಯಲು ಕಳಿಸುವ ಕೊಳವೆಗೆ ಜಾಗ ಕೊಡುವುದು ಕೂಡ ಅದರ ಕೆಲಸವೇ. ಹಲವು ಹೊಸ ಕಾರುಗಳಲ್ಲಿ ಡಬ್ಬಿಯಿಂದ ಹೊರಡುವ ಕೊಳವೆಯಲ್ಲಿ, ಒಳಹೋಗುವ ಗಾಳಿಯ ತೂಕವನ್ನು ಅಳೆಯುವ ಸೆನ್ಸರ್ ಇರುತ್ತದೆ. ಪೆಟ್ರೋಲು ಪೂರ್ತಿ ಉರಿಯಲು ಒಂದು ಪಾಲು ಇಂಧನಕ್ಕೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಆ ಸೆನ್ಸರ್ ಮೂಲ ಕೊಳವೆಯ ಅಡ್ಡಳತೆಗೆ ಹೊಂದಿಸಿದ ಲೆಕ್ಕದಲ್ಲಿ ಓದುವುದರಿಂದ, ಮನೆಯಲ್ಲಿ ಕೂರಿಸಿದ ಕೊಳವೆ ಅಗಲವಾಗಿದ್ದರೆ ಅಥವಾ ಸೆನ್ಸರ್ ದಾಟಿದ ಮೇಲೆ ಎಲ್ಲಾದರೂ ಗಾಳಿ ಸೋರಿದರೆ ಈ ಪ್ರಮಾಣ ತಪ್ಪುತ್ತದೆ, ಪ್ರಮಾಣ ತಪ್ಪಿದರೆ ಹೊಗೆಯ ಗುಣವೂ ಬದಲಾಗುತ್ತದೆ. ಕಾನೂನು ಡಬ್ಬಿಯನ್ನು ಮುಟ್ಟುವುದು ಮುಖ್ಯವಾಗಿ ಇಲ್ಲಿ.

ವಾಹನದ ಮಾರ್ಪಾಡನ್ನು ನಿಯಂತ್ರಿಸುವುದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು. ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ರೂಢಿಯ ಮಾತಿನ ಆರ್‌ಸಿ ಪುಸ್ತಕದಲ್ಲಿ ಇರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು ಎಂಬುದು ಅದರ ತಿರುಳು. ಅದೇ ಕಲಮಿನ ವಿವರಣೆಯು, ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಆಗುವ ಬದಲಾವಣೆಯನ್ನು ಮಾರ್ಪಾಡು ಎಂದು ಕರೆಯುತ್ತದೆ. ಮಾರ್ಪಾಡು ಎಂದರೇನೆಂದು ಹೇಳುವ ಶಾಸನ ಮೂಲ ಲಕ್ಷಣ ಎಂದರೇನೆಂದು ಹೇಳದೆ ಬಿಟ್ಟಿರುವುದು, ವ್ಯಾಜ್ಯಗಳಿಗೆ ಶಾಸನವೇ ಬಾಗಿಲು ತೆರೆದಿಟ್ಟಂತಾಗಿದೆ. ಆರ್‌ಸಿಯಲ್ಲಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಮಾದರಿ, ಬಣ್ಣ, ಇಂಧನ, ಎಂಜಿನ್ನಿನ ಘನ ಸಾಮರ್ಥ್ಯ, ಆಸನಗಳ ಸಂಖ್ಯೆ, ಖಾಲಿ ತೂಕ ಮೊದಲಾದ ವಿವರಗಳಿರುತ್ತವೆಯೇ ಹೊರತು ಏರ್ ಫಿಲ್ಟರ್ ಡಬ್ಬಿಯ ಹೆಸರಿರುವುದಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ಅನುಮತಿ ಇದೆಯೆಂದು ತಿಳಿಯುವುದು ಅವಸರದ ತೀರ್ಮಾನ.

ಅವಸರದ್ದು ಎನ್ನಲು ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು ಕಾರಣ. ಪ್ರಾದೇಶಿಕ ಸಾರಿಗೆ ಅಧಿಕಾರಿ ಮತ್ತು ಕೆ. ಜಯಚಂದ್ರ ನಡುವಣ ಪ್ರಕರಣದಲ್ಲಿ, ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರನ್ ಅವರ ಪೀಠವು 2019ರ ಜನವರಿಯಲ್ಲಿ ಕೇರಳ ಹೈಕೋರ್ಟಿನ ವಿಭಾಗೀಯ ಪೀಠದ ತೀರ್ಪನ್ನು ತಳ್ಳಿಹಾಕಿತು. 52ನೇ ಕಲಮಿನ ವಿವರಣೆಯೊಂದಕ್ಕೇ ಒತ್ತು ಕೊಟ್ಟು ಅದರ ಮುಖ್ಯ ನಿಷೇಧವನ್ನು ಬದಿಗಿಟ್ಟದ್ದು ಸರಿಯಲ್ಲ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಲಾಗದು ಎಂಬುದು ಆ ತೀರ್ಪಿನ ನಿಲುವು. ಬದಲಾವಣೆ ಚಿಕ್ಕದು, ಮೂಲ ಲಕ್ಷಣಕ್ಕೆ ಧಕ್ಕೆಯಿಲ್ಲ ಎಂಬ ವಾದವೊಂದನ್ನೇ ನೆಚ್ಚಿಕೊಂಡು ಗೆಲ್ಲಬಹುದೆಂಬ ಭರವಸೆ ಆ ಬಳಿಕ ಕ್ಷೀಣವಾಗಿದೆ.

ಹಾಗಿದ್ದರೂ ಎಲ್ಲ ಡಬ್ಬಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸೀಳಿದ ಡಬ್ಬಿಯ ಜಾಗದಲ್ಲಿ ಅದೇ ಅಳತೆಯ, ಅದೇ ಫಿಲ್ಟರ್ ಕೂರುವ, ಆವಿಯ ಕೊಳವೆ ಮತ್ತು ಸೆನ್ಸರ್ ಮೊದಲಿನ ಸ್ಥಾನದಲ್ಲೇ ಉಳಿಯುವ ಡಬ್ಬಿಯನ್ನು ಇಟ್ಟರೆ ಅದನ್ನು ದುರಸ್ತಿ ಎನ್ನುವುದೇ ಸಮಂಜಸ. ಡಬ್ಬಿಯನ್ನೇ ತೆಗೆದು ಬರಿಯ ಫಿಲ್ಟರ್ ಸಿಕ್ಕಿಸಿ, ಆವಿಯ ಕೊಳವೆಯನ್ನು ಗಾಳಿಗೆ ಬಿಟ್ಟು, ಎಂಜಿನ್ನಿನ ಗಣಕದ ಲೆಕ್ಕವನ್ನೂ ತಿದ್ದಿಸಿದರೆ ಅದನ್ನು ದುರಸ್ತಿ ಎಂದು ಸಮರ್ಥಿಸುವುದು ಕಷ್ಟ. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸುವಾಗ ಡಬ್ಬಿಯಲ್ಲಿ ಆಗುವ ಬದಲಾವಣೆಯ ಹಾದಿ ಬೇರೆ. ಇಂಧನ ಬದಲಾವಣೆಗೆ 52ನೇ ಕಲಮೇ ಷರತ್ತಿನ ಅವಕಾಶ ಕೊಟ್ಟಿದ್ದು, ಅನುಮೋದಿತ ಕಿಟ್ಟನ್ನೇ ಹಾಕಿಸಿ ಆರ್‌ಸಿಯಲ್ಲಿ ಇಂಧನದ ವಿವರ ತಿದ್ದಿಸಿಕೊಳ್ಳಬೇಕಾಗುತ್ತದೆ.

ಪೂರ್ವಾನುಮೋದನೆ ಇಲ್ಲದೆ ಮಾರ್ಪಾಡು ನಡೆದಿದ್ದಲ್ಲಿ, ಮಾಲೀಕನು 14 ದಿನಗಳೊಳಗೆ ತನ್ನ ವಾಸಸ್ಥಳದ ನೋಂದಣಿ ಪ್ರಾಧಿಕಾರಕ್ಕೆ ಅದನ್ನು ವರದಿ ಮಾಡಿ, ನಿಗದಿತ ಶುಲ್ಕದೊಡನೆ ಆರ್‌ಸಿಯನ್ನು ಒಪ್ಪಿಸಬೇಕೆಂದು 52(3) ಹೇಳುತ್ತದೆ. ಈ ಭಾಗದ ವಾಹನಗಳಲ್ಲಿ ಕೆಎ-66 ಎಂಬುದು ತರೀಕೆರೆ ಕಚೇರಿಯ ಸಂಕೇತ, ಕೆಎ-18 ಚಿಕ್ಕಮಗಳೂರಿನದು; ವರದಿ ಪಡೆದ ಕಚೇರಿ ಮೂಲ ನೋಂದಣಿಯ ಕಚೇರಿಯಲ್ಲದಿದ್ದರೆ, ಹೊಸ ನಮೂದನ್ನು ಮೂಲ ಕಚೇರಿಗೆ ತಿಳಿಸುವ ಹೊಣೆ ವರದಿ ಪಡೆದ ಕಚೇರಿಯದೇ. ನಿಷಿದ್ಧವಾದದ್ದು ವರದಿ ಮಾಡಿದ ಮಾತ್ರಕ್ಕೆ ಸಕ್ರಮವಾಗುವುದಿಲ್ಲವಾದ್ದರಿಂದ, ಕೆಲಸಕ್ಕೆ ಕೈ ಹಚ್ಚುವ ಮೊದಲೇ ಲಿಖಿತವಾಗಿ ಕೇಳಿ, ಅರ್ಜಿಯ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಮೇಲು. ಕಚೇರಿಯಲ್ಲಿರುವ ದಾಖಲೆ ಅಥವಾ ಸುತ್ತೋಲೆಯ ಪ್ರತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ.

ಹೊಗೆಯ ವಿಚಾರದಲ್ಲಿ ಕಾನೂನು ಅಳತೆಯ ಭಾಷೆಯಲ್ಲಿ ಮಾತನಾಡುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿ ವಾಹನವೂ ಚಾಲ್ತಿಯಲ್ಲಿರುವ ಎಮಿಷನ್ ಪ್ರಮಾಣಪತ್ರ ಹೊಂದಿರಬೇಕು. ಅದರ ಅವಧಿ ಸಾಮಾನ್ಯವಾಗಿ 6 ತಿಂಗಳು, ಭಾರತ್ ಸ್ಟೇಜ್-4 ಮತ್ತು 6ರ ವಾಹನಗಳಿಗೆ 12 ತಿಂಗಳು. ಸ್ಟೇಜ್-4ರ ಪೆಟ್ರೋಲ್ ಕಾರು ನಿಂತಲ್ಲೇ ಓಡುತ್ತಿರುವಾಗ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.3ನ್ನೂ, ಉರಿಯದೆ ಉಳಿದ ಹೈಡ್ರೋಕಾರ್ಬನ್ ದಶಲಕ್ಷಕ್ಕೆ 200 ಭಾಗಗಳನ್ನೂ ಮೀರುವಂತಿಲ್ಲ. ಡಬ್ಬಿ ಕೂರಿಸಿದ ಮೇಲೆ, ಹಳೆಯ ಪ್ರಮಾಣಪತ್ರದ ಅವಧಿ ಉಳಿದಿದ್ದರೂ, ಹೊಸದಾಗಿ ಪರೀಕ್ಷೆ ಮಾಡಿಸಿ ಅಂಕಿಗಳ ಚೀಟಿಯನ್ನು ಇಟ್ಟುಕೊಂಡವರಿಗೆ ಮುಂದಿನ ವಾದ ಸುಲಭ. 116ನೇ ನಿಯಮದಡಿ ವಾಹನವನ್ನು ಪರೀಕ್ಷೆಗೆ ಒಡ್ಡಬೇಕೆಂದು ಸೂಚಿಸುವ ಅಧಿಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ಅಥವಾ ಮೋಟಾರು ವಾಹನ ನಿರೀಕ್ಷಕರಿಗೆ ಇದೆ. ಅಂಥ ಸೂಚನೆಯನ್ನು ಚಾಲಕ ಪಾಲಿಸಲೇಬೇಕು. ಆದರೆ ಹೊಗೆ ಮಿತಿ ಮೀರಿದೆಯೆಂಬುದನ್ನು ಹೇಳಬೇಕಾದದ್ದು ಅನುಮೋದಿತ ಯಂತ್ರ. ಬಾನೆಟ್ ಎತ್ತಿ ನೋಡಿದ ಕಣ್ಣಂದಾಜು ಅನುಮಾನಕ್ಕೆ ಆಧಾರವಾದೀತು, ರುಜುವಾತಾಗದು.

2019ರ ತಿದ್ದುಪಡಿಯಿಂದ ಸೇರಿದ 182ಎ(4) ಕಲಮು, ಕಾಯಿದೆ ಅಥವಾ ನಿಯಮ ಅನುಮತಿಸದ ರೀತಿಯಲ್ಲಿ, ಹೊರಗಿನ ಬಿಡಿಭಾಗ ಜೋಡಿಸಿಯೇ ಆಗಲಿ, ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಮಾಲಿನ್ಯ ಅಥವಾ ಸದ್ದಿನ ಮಾನಕ ಮೀರಿ ವಾಹನ ಓಡಿಸಿದರೆ 190(2)ರಡಿ ಮೊದಲ ಅಪರಾಧಕ್ಕೆ 3 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ, ಜೊತೆಗೆ 3 ತಿಂಗಳ ಲೈಸೆನ್ಸ್ ಅನರ್ಹತೆಯೂ ಉಂಟು. ಸಾರ್ವಜನಿಕ ಸ್ಥಳವೆಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ದಾರಿ ಎಂದು 2(34) ಹೇಳುವುದರಿಂದ, ಬೇಲಿ ಹಾಕಿದ ಸ್ವಂತ ತೆಂಗಿನ ತೋಟದೊಳಗಿನ ಓಡಾಟಕ್ಕೂ ಯಗಟಿಯಿಂದ ಕಡೂರಿಗೆ ಹೋಗುವ ರಸ್ತೆಯ ಓಡಾಟಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ.

ತಪಾಸಣೆಗೆ ನಿಲ್ಲಿಸಿದಾಗ ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ಸಾಕು. ಆಪಾದನೆ ಯಾವ ಕಲಮಿನಡಿ ಎಂಬುದು ಚಲನಿನಲ್ಲಿ ಬರೆದಿರಬೇಕು. ಸ್ಥಳದಲ್ಲೇ ದಂಡ ಕಟ್ಟಿ ಪ್ರಕರಣ ಮುಗಿಸುವುದು, ಅಂದರೆ ರಾಜಿ ಮಾಡಿಕೊಳ್ಳುವುದು, ಮಾಲೀಕನ ಆಯ್ಕೆಯೇ ವಿನಾ ಕಡ್ಡಾಯವಲ್ಲ, ಕಟ್ಟಿದರೆ ರಸೀದಿ ಪಡೆಯುವುದು ಹಕ್ಕು. ಆಪಾದನೆಯನ್ನು ಒಪ್ಪದವರು ನ್ಯಾಯಾಲಯದಲ್ಲಿ ವಾದಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಕೇಳಬಹುದು. ಇನ್ನು ಆರ್‌ಸಿಯನ್ನೇ ಅಮಾನತಿನಲ್ಲಿಡಬೇಕಾದರೆ, 53ನೇ ಕಲಮಿನಂತೆ ಮಾಲೀಕನ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳಿಸಿ, ಅಹವಾಲಿಗೆ ಅವಕಾಶ ಕೊಟ್ಟು, ಕಾರಣಗಳನ್ನು ಬರೆದಿಡಬೇಕು; ದೋಷ ಸರಿಪಡಿಸುವವರೆಗಷ್ಟೇ ಈ ಅಮಾನತು. ಆದೇಶ ತಲುಪಿದ 30 ದಿನಗಳೊಳಗೆ 57ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು.

ದಂಡಕ್ಕಿಂತ ಭಾರವಾದ ಪೆಟ್ಟು ಬೀಳುವುದು ವಿಮೆಯಲ್ಲಿ. ತಗ್ಗಿಗೆ ಇಳಿಸಿ ಕೂರಿಸಿದ ಡಬ್ಬಿಯ ಬಾಯಿ ಮಳೆಗಾಲದ ಹಳ್ಳದಲ್ಲಿ ಮುಳುಗಿ ಎಂಜಿನ್ನಿನೊಳಗೆ ನೀರು ಹೊಕ್ಕರೆ, ನೀರು ಗಾಳಿಯಂತೆ ಒತ್ತಡಕ್ಕೆ ಕುಗ್ಗದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಿಳಿಸದೆ ಮಾಡಿದ ಮಾರ್ಪಾಡಿನಿಂದ ನಷ್ಟವಾಯಿತೆಂದು ಕಂಪನಿ ಸ್ವಂತ ಹಾನಿಯ ಪರಿಹಾರವನ್ನು ನಿರಾಕರಿಸಲು ಅಲ್ಲಿ ದಾರಿಯಾಗುತ್ತದೆ. ಡಬ್ಬಿಗೂ ನಷ್ಟಕ್ಕೂ ಸಂಬಂಧವೇ ಇಲ್ಲದ ಪ್ರಕರಣದಲ್ಲಿ, ಉದಾಹರಣೆಗೆ ನಿಂತ ಕಾರಿಗೆ ಹಿಂದಿನಿಂದ ಲಾರಿ ಗುದ್ದಿದಾಗ, ಅದೇ ನೆಪದ ನಿರಾಕರಣೆಯನ್ನು ಪ್ರಶ್ನಿಸಲು ಗಟ್ಟಿಯಾದ ಆಧಾರವಿರುತ್ತದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಪರಿಹಾರ ಸಿಗದಿದ್ದರೆ ವಿಮಾ ಲೋಕಪಾಲರ ಬಳಿಗೆ ಹೋಗಬಹುದು, ಇಲ್ಲವೇ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ 2 ವರ್ಷಗಳೊಳಗೆ ದೂರು ಹೂಡಬಹುದು. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯಿದೆ ಅವಕಾಶ ಕೊಟ್ಟಿದೆ. ಡಬ್ಬಿ ಮಾಡಿಕೊಟ್ಟ ಗ್ಯಾರೇಜಿನ ಬಿಲ್ಲು, ತೆಗೆದಿಟ್ಟ ಹಳೆಯ ಡಬ್ಬಿ, ಮೊದಲಿನ ಮತ್ತು ನಂತರದ ಎಮಿಷನ್ ಚೀಟಿಗಳು ಅಲ್ಲೆಲ್ಲ ಸಾಕ್ಷ್ಯವಾಗುತ್ತವೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ನವೀಕರಣಕ್ಕಾಗಿ ಕಾರನ್ನು ನಿರೀಕ್ಷಕರ ಮುಂದೆ ನಿಲ್ಲಿಸುವ ದಿನವೂ ಕೇಳಿದ ಪ್ರಶ್ನೆಗೆ ಉತ್ತರವಾಗಿ ಅವೇ ಕೈಯಲ್ಲಿರಬೇಕಾಗುತ್ತದೆ.