ಹಲ್ಲಿಗೆ ಹೆದರಿ ಪೊರಕೆ ಎತ್ತಬೇಡಿ

ಸಾರಿನ ಪಾತ್ರೆಗೆ ಹಲ್ಲಿ ಬಿತ್ತೆಂದರೆ ಮನೆಯೆಲ್ಲ ಹಾಹಾಕಾರ. ಗಾಬರಿಯಾಗಬೇಡಿ, ನಮ್ಮ ಗೋಡೆಯ ಹಲ್ಲಿಗೆ ವಿಷದ ಹಲ್ಲೂ ಇಲ್ಲ, ವಿಷದ ಚೀಲವೂ ಇಲ್ಲ. ಹಾಗಂತ ಆ ಸಾರನ್ನು ಬಡಿಸಲೂಬೇಡಿ. ಹಲ್ಲಿಯ ಮೈಮೇಲೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ವಾಂತಿ, ಭೇದಿ, ಜ್ವರ ತರುವುದು ಅದು. ಸಾರು ಚೆಲ್ಲಿ, ಪಾತ್ರೆಯನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ಗೊತ್ತಿಲ್ಲದೆ ಉಂಡವರಿಗೆ ಹೊಟ್ಟೆ ಕೆಟ್ಟರೆ ವೈದ್ಯರಿಗೆ ತೋರಿಸಿ.

ಬೇಲಿಯ ಓತಿಕ್ಯಾತ, ಹಿತ್ತಿಲಿನ ಹಾವುರಾಣಿ ಕಚ್ಚಿದರೂ ಜೀವಕ್ಕೇನೂ ಅಪಾಯವಿಲ್ಲ. ಮೈ ಹಾವಿನಂತೆ ಹೊಳೆಯುವುದೇ ಪಾಪ ಹಾವುರಾಣಿಯ ತಪ್ಪು! ನಿಜಕ್ಕೂ ವಿಷವಿರುವ ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿ ಇರುವುದು ದೂರದ ಅಮೆರಿಕದ ಮರುಭೂಮಿಯಲ್ಲಿ.

ವಿಷವಿಲ್ಲದ ಹಲ್ಲಿಗೆ ಬಾಲವೇ ಆಯುಧ. ಬೆಕ್ಕು ಹಿಡಿದ ಕೂಡಲೇ ಬಾಲದ ಮೂಳೆ ತನ್ನೊಳಗೇ ಇರುವ ಸೀಳಿನಲ್ಲಿ ಮುರಿಯುತ್ತದೆ. ಸುತ್ತಲ ಸ್ನಾಯು ಬಿಗಿದುಕೊಳ್ಳುವುದರಿಂದ ಹೆಚ್ಚು ರಕ್ತ ಸುರಿಯುವುದಿಲ್ಲ. ಕಳಚಿದ ತುಂಡು ನೆಲದ ಮೇಲೆ ಪಟಪಟನೆ ಹೊರಳಾಡುತ್ತದೆ. ಬೆಕ್ಕು ಅದನ್ನೇ ನೋಡುತ್ತಿರುವಾಗ ಹಲ್ಲಿ ಟ್ಯೂಬ್‌ಲೈಟಿನ ಹಿಂದೆ ಮಾಯ. ಬಾಲ ಮತ್ತೆ ಬೆಳೆಯುತ್ತದೆ, ಆದರೆ ಒಳಗೆ ಮೂಳೆಯ ಬದಲು ಮೃದ್ವಸ್ಥಿ. ಕೂಡಿಟ್ಟ ಕೊಬ್ಬೂ ಹೋಗಿರುತ್ತದೆ. ಹಲ್ಲಿಗೆ ಅದು ದುಬಾರಿ ಉಪಾಯವೇ.

ಆದ್ದರಿಂದ ಮಕ್ಕಳು ಮೋಜಿಗೆ ಬಾಲಕ್ಕೆ ಹೊಡೆಯುತ್ತಿದ್ದರೆ ತಡೆಯಿರಿ. ಅಡುಗೆ ಪಾತ್ರೆಗಳಿಗೆ ಮುಚ್ಚಳ ಹಾಕಿ. ಸೊಳ್ಳೆ, ಜಿರಳೆಮರಿ ತಿನ್ನುವ ಹಲ್ಲಿಯನ್ನು ಅದರ ಪಾಡಿಗೆ ಬಿಡಿ.