ಹೊಳೆ ಉಳಿದರೆ ಮೀನು ಉಳಿದೀತು
ಮಂಡ್ಯ, ಶ್ರೀರಂಗಪಟ್ಟಣದ ಕಡೆ ಗದ್ದೆಯಿಂದ ಬಸಿದ ನೀರು ಕೊನೆಗೆ ಸೇರುವುದು ಕಾವೇರಿಗೇ. ಆದ್ದರಿಂದ ಔಷಧಿ ಹೊಡೆದ ಕ್ಯಾನನ್ನು ನಾಲೆಯಲ್ಲಿ ತೊಳೆಯಬೇಡಿ. ತೊಳೆದ ನೀರನ್ನು ಗದ್ದೆಗೇ ಚಿಮುಕಿಸಿ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಚೂರು ಬೆರೆತರೂ ಮೀನಿಗೆ ಕುತ್ತು.

ಮಳೆಯ ಸೂಚನೆಯಿದ್ದರೆ ಯೂರಿಯಾ ಎರಚಬೇಡಿ. ಕೊಚ್ಚಿಹೋದ ಗೊಬ್ಬರದಿಂದ ಪಾಚಿ ಹಬ್ಬಿ, ರಾತ್ರಿ ನೀರಿನ ಆಮ್ಲಜನಕವನ್ನು ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಅವಕ್ಕೆ ಉಸಿರುಕಟ್ಟುತ್ತಿದೆ ಎಂದೇ ತಿಳಿಯಿರಿ.

ಮೀನು ಹಿಡಿಯುವವರೇ, ಮುಂಗಾರಿನ ಹೊಸ ನೀರಿಗೆ ಏರಿ ಬರುವ ಮೀನು ಮೊಟ್ಟೆಯಿಡಲು ಬಂದದ್ದು. ಆಗ ಬಲೆ ಬೀಸಬೇಡಿ. ಸಣ್ಣ ಕಣ್ಣಿನ ಬಲೆ, ಸಿಡಿಮದ್ದು ಯಾವ ಕಾಲಕ್ಕೂ ಬೇಡ. ಕಾವೇರಿಯ ಕಿತ್ತಳೆ ರೆಕ್ಕೆಯ ಮಾಶೀರ್ ಅಳಿವಿನಂಚಿನಲ್ಲಿದೆ. ಗಾಳಕ್ಕೆ ಸಿಕ್ಕರೆ ಒದ್ದೆ ಕೈಯಲ್ಲೇ ಹಿಡಿದು ಕೂಡಲೇ ನೀರಿಗೆ ಬಿಡಿ.