ಖುಷಿಯ ಖರ್ಚಿಗೆ ಒಂದು ಪುಟ

ಸುವಾಸನೆಯ ಸೋಯಾ ಮೇಣದಬತ್ತಿಯನ್ನು ಮನೆಯಲ್ಲೇ ಮಾಡಲು ಹೊರಡುವವರು ಬಹುಪಾಲು ಎರಡು ಮಾತು ಹೇಳುತ್ತಾರೆ. ಅಂಗಡಿಯಲ್ಲಿ 500 ರೂಪಾಯಿ ಕೊಡುವ ಬದಲು ಮನೆಯಲ್ಲಿ ಮಾಡಿದರೆ ಮೂರರಲ್ಲೊಂದು ಪಾಲು ಖರ್ಚಿನಲ್ಲಿ ಮುಗಿಯುತ್ತದೆ ಎನ್ನುವುದು ಮೊದಲನೆಯದು. ಚೆನ್ನಾಗಿ ಬಂದರೆ ನಾಲ್ಕು ಜನಕ್ಕೆ ಮಾರಲೂಬಹುದು ಎನ್ನುವುದು ಎರಡನೆಯದು. ಎರಡೂ ಲೆಕ್ಕಾಚಾರದ ಮಾತಿನಂತೆಯೇ ಕೇಳಿಸುತ್ತವೆ. ನನ್ನ ಅನುಭವದಲ್ಲಿ ಮನೆಯ ಹಣಕಾಸನ್ನು ಸದ್ದಿಲ್ಲದೆ ಸಡಿಲಗೊಳಿಸುವುದು ದೊಡ್ಡ ದುಂದುವೆಚ್ಚಕ್ಕಿಂತ ಹೆಚ್ಚಾಗಿ ಇಂಥ ಮಾತುಗಳೇ. ದುಂದು ಎಂದು ಗೊತ್ತಿರುವ ಕಡೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಉಳಿತಾಯ ಎಂದು ಹೆಸರಿಟ್ಟ ಕಡೆ ಕೈ ತಡೆಯುವುದಿಲ್ಲ. ಹಾಗಾಗಿ ಈ ವಾರ ನಾನು ಹೇಳಬೇಕೆಂದಿರುವುದು ಇಷ್ಟು: ಮೇಣದಬತ್ತಿ ಮಾಡುವುದು ಒಳ್ಳೆಯ ಹವ್ಯಾಸ, ಅದಕ್ಕೆ ಹಣ ಖರ್ಚು ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಖರ್ಚು ಎಂದೇ ಬರೆದುಕೊಳ್ಳಬೇಕು. ಉಳಿತಾಯ, ಹೂಡಿಕೆ, ಸಂಪಾದನೆ ಎಂಬ ಹೆಸರುಗಳನ್ನು ಅದಕ್ಕೆ ಹೊದಿಸಿದ ಕೂಡಲೇ ಹಣವೂ ಹೆಚ್ಚು ಹೋಗುತ್ತದೆ, ಹವ್ಯಾಸದ ಹಿತವೂ ಕೆಡುತ್ತದೆ.

ಮೊದಲು ಆ ಮೂರರಲ್ಲೊಂದು ಪಾಲು ಎಲ್ಲಿಂದ ಬರುತ್ತದೆ ನೋಡೋಣ. ಸೋಯಾ ಮೇಣ ಎಂದರೆ ಸೋಯಾ ಅವರೆಯ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು. ವನಸ್ಪತಿ ತಯಾರಿಸುವ ವಿದ್ಯೆಯೇ ಇದು. ಗಾಜಿನ ಲೋಟದಲ್ಲಿ ಹಾಕುವ ಬಗೆಯ ಸೋಯಾ ಮೇಣ ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕರಗುವುದರಿಂದ ಮನೆಯ ಒಲೆಯಲ್ಲಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಲಭವಾಗಿ ಕರಗಿಸಬಹುದು. 200 ಮಿಲಿಲೀಟರ್ ಲೋಟಕ್ಕೆ 150 ಗ್ರಾಂ ಮೇಣ ಸಾಕು. ಮೇಣದ ತೂಕದ ಶೇ 8ರಷ್ಟು, ಅಂದರೆ 12 ಗ್ರಾಂ ಸುಗಂಧ ತೈಲ ಬೇಕು. ದರಗಳು ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತವೆ. ಲೆಕ್ಕಕ್ಕಾಗಿ ಮೇಣ ಕಿಲೋಗೆ 350, ಸುಗಂಧ ತೈಲ 100 ಗ್ರಾಂಗೆ 350, ಗಾಜಿನ ಲೋಟ 60, ಬತ್ತಿ ಮತ್ತು ಅದನ್ನು ತಳಕ್ಕೆ ಅಂಟಿಸುವ ಸ್ಟಿಕ್ಕರ್ ಸೇರಿ 4 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಊರಿನ ದರ ಹಾಕಿಯೂ ಇದನ್ನು ಮಾಡಿ ನೋಡಬಹುದು. ಮೇಣಕ್ಕೆ 52 ರೂಪಾಯಿ 50 ಪೈಸೆ, ತೈಲಕ್ಕೆ 42 ರೂಪಾಯಿ, ಲೋಟ, ಬತ್ತಿ, ಒಂದಿಷ್ಟು ಗ್ಯಾಸ್ ಸೇರಿಸಿದರೆ ಒಂದು ಮೇಣದಬತ್ತಿಗೆ ಸುಮಾರು 160 ರೂಪಾಯಿ. ಮೇಣಕ್ಕಿಂತ ಲೋಟವೇ ತುಟ್ಟಿ, ತೈಲವೂ ಹೆಚ್ಚುಕಡಿಮೆ ಮೇಣದಷ್ಟೇ; ಮೂಗಿಗಿಂತ ಮೂಗುತಿ ಭಾರ ಎನ್ನುವಂತಿದ್ದರೂ ಲೆಕ್ಕವೇನೋ ಸರಿಯೇ. ಅಂಗಡಿಯ 500ರ ಎದುರು ಇಟ್ಟರೆ ಒಂದಕ್ಕೆ 340 ರೂಪಾಯಿ ಉಳಿದಂತೆ ಕಾಣುತ್ತದೆ.

ತೊಂದರೆ ಏನೆಂದರೆ, 150 ಗ್ರಾಂ ಮೇಣವನ್ನೂ 12 ಗ್ರಾಂ ತೈಲವನ್ನೂ ಯಾರೂ ಮಾರುವುದಿಲ್ಲ. ಹೊಸಬರ ಮೊದಲ ಖರೀದಿ ಸಾಮಾನ್ಯವಾಗಿ ಹೀಗಿರುತ್ತದೆ: 2 ಕಿಲೋ ಮೇಣ 700, ಮಲ್ಲಿಗೆ, ಶ್ರೀಗಂಧ, ಕಾಫಿ, ಲ್ಯಾವೆಂಡರ್ ಎಂದು ನಾಲ್ಕು ಬಗೆಯ ತೈಲಕ್ಕೆ 1,400, ಒಂದು ಡಜನ್ ಲೋಟಕ್ಕೆ 720, ನೂರರ ಕಟ್ಟಿನ ಬತ್ತಿ ಮತ್ತು ಸ್ಟಿಕ್ಕರ್‌ಗೆ 400. ಇದರ ಮೇಲೆ ತೂಕದ ಯಂತ್ರ, ಥರ್ಮಾಮೀಟರ್, ಸುರಿಯಲು ಮೂತಿಯಿರುವ ಜಗ್‌ಗೆ 1,300. ಒಟ್ಟು 4,520. ಇಷ್ಟರಲ್ಲಿ ತಯಾರಾಗುವುದು ಹನ್ನೆರಡು ಮೇಣದಬತ್ತಿ. ಒಂದಕ್ಕೆ 377 ರೂಪಾಯಿ ಬಿತ್ತು. ಹನ್ನೆರಡಕ್ಕೆ ಬಳಕೆಯಾದ ತೈಲ 144 ಗ್ರಾಂ, ಶೀಸೆಗಳಲ್ಲಿ ಉಳಿದದ್ದು 256 ಗ್ರಾಂ. ಬತ್ತಿಯ ದಪ್ಪ ಲೋಟದ ಅಗಲಕ್ಕೆ ಹೊಂದಬೇಕು. ತೆಳುವಾದರೆ ಮೇಣ ಅಂಚಿನವರೆಗೆ ಕರಗದೆ ನಡುವೆ ಬಾವಿಯಂತೆ ಇಳಿಯುತ್ತದೆ, ದಪ್ಪವಾದರೆ ಜ್ವಾಲೆ ಎತ್ತರವಾಗಿ ಮಸಿ ಕಟ್ಟುತ್ತದೆ, ಲೋಟ ಕಾಯುತ್ತದೆ. ಯಾವುದು ಸರಿ ಎಂದು ತಿಳಿಯಲು ಉರಿಸಿಯೇ ನೋಡಬೇಕು. ಆ ಪರೀಕ್ಷೆಗೆ ನಾಲ್ಕು ಹೋದರೆ ಕೈಗೆ ಸಿಗುವ ಎಂಟಕ್ಕೆ ತಲಾ 565 ರೂಪಾಯಿ. ಮೂರರಲ್ಲೊಂದು ಪಾಲು ಎಂದು ಶುರುವಾದದ್ದು ಅಂಗಡಿಯ ದರವನ್ನೇ ದಾಟಿತು.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಉಪಕರಣದ ಖರ್ಚು ಒಮ್ಮೆ ಮಾತ್ರ, ಕೈ ಪಳಗಿದ ಮೇಲೆ ಕೆಡುವುದೂ ಇಲ್ಲ, ಉಳಿದ ತೈಲ ಮುಂದಿನ ಸಲಕ್ಕೆ ಆಗುತ್ತದೆ, ಲೋಟ ತೊಳೆದು ಮತ್ತೆ ಬಳಸಬಹುದು. ಹಾಗಾಗಿ ಎರಡನೆಯ ವರ್ಷದಿಂದ ನಿಜವಾದ ಉಳಿತಾಯ ಶುರು ಎನ್ನುತ್ತಾರೆ. ಒಪ್ಪೋಣ. ಒಂದಕ್ಕೆ 160 ರೂಪಾಯಿಯೇ ಎಂದಿಟ್ಟುಕೊಳ್ಳೋಣ. ಆದರೆ ಒಂದು ಮನೆಗೆ ವರ್ಷಕ್ಕೆ ಎಷ್ಟು ಮೇಣದಬತ್ತಿ ಬೇಕು? ಇಂಥ ಲೋಟದಲ್ಲಿ ಗಂಟೆಗೆ 4 ಗ್ರಾಂನಂತೆ ಉರಿದರೆ, ಮೇಣ ಮತ್ತು ತೈಲ ಸೇರಿ ಸುಮಾರು 160 ಗ್ರಾಂ, 40 ಗಂಟೆ ಬಾಳುತ್ತದೆ. ದಿನವೂ ಸಂಜೆ ಒಂದು ಗಂಟೆ, ವರ್ಷದಲ್ಲಿ ಒಂದು ದಿನವೂ ತಪ್ಪದೆ ಹಚ್ಚಿದರೂ ಬೇಕಾಗುವುದು ಒಂಬತ್ತೇ ಒಂಬತ್ತು. ಅಂದರೆ ಉಳಿತಾಯದ ಮೇಲ್ಮಿತಿ ವರ್ಷಕ್ಕೆ 3,060 ರೂಪಾಯಿ. ಅದೂ ಸಿಗುವುದು ಕಳೆದ ವರ್ಷ ಒಂಬತ್ತು ಮೇಣದಬತ್ತಿಗೆ 4,500 ರೂಪಾಯಿ ಕೊಟ್ಟವರಿಗೆ ಮಾತ್ರ. ಬಹಳಷ್ಟು ಮನೆಗಳಲ್ಲಿ ದೇವರ ಮುಂದೆ ಎಣ್ಣೆಯ ದೀಪ ಉರಿಯುತ್ತದೆ. ಸುವಾಸನೆಯ ಮೇಣದಬತ್ತಿ ವರ್ಷಕ್ಕೆ ಒಂದೋ ಎರಡೋ, ಅದೂ ಯಾರೋ ಉಡುಗೊರೆ ಕೊಟ್ಟದ್ದು. ಅಂಥ ಮನೆಯಲ್ಲಿ ಉಳಿಸಲು ಇದ್ದದ್ದೇ ಏನು? ಉಳಿತಾಯವನ್ನು ಅಂಗಡಿಯ ದರದ ಚೀಟಿಯ ಎದುರು ಅಳೆಯಬಾರದು, ನಮ್ಮದೇ ಹಳೆಯ ಖರ್ಚಿನ ಎದುರು ಅಳೆಯಬೇಕು. ಖರ್ಚಾಗದೇ ಇದ್ದ ಹಣವನ್ನು ಉಳಿಸಲು ಬರುವುದಿಲ್ಲ. ಈ ಒಂದು ಸೂತ್ರ ಮೇಣದಬತ್ತಿಗೆ ಮಾತ್ರವಲ್ಲ, ಮನೆಯಲ್ಲೇ ಸಾಬೂನು ಮಾಡುವುದಕ್ಕೂ ಕೇಕ್ ಓವನ್ ಕೊಳ್ಳುವುದಕ್ಕೂ ಹೊಲಿಗೆ ಯಂತ್ರಕ್ಕೂ ಸಲ್ಲುತ್ತದೆ. ಹಾಗೆಯೇ ಥರ್ಮಾಮೀಟರು, ಜಗ್ಗುಗಳನ್ನು ‘ಒಂದು ಸಲದ ಹೂಡಿಕೆ’ ಎನ್ನುವ ರೂಢಿಯನ್ನೂ ಬಿಡಬೇಕು. ಹಾಕಿದ ಹಣ ಬೆಳೆದು ತಿರುಗಿ ಬರುವಂಥದ್ದು ಹೂಡಿಕೆ. ಬಳಸಿ ಸವೆಯುವುದು ಸಾಮಾನು.

ಇನ್ನು ಮಾರಾಟದ ಮಾತು. ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯುವ ದಾರಿಯನ್ನು ಹೀಗಳೆಯುತ್ತೀರಾ ಎಂದು ಕೇಳುವವರಿದ್ದಾರೆ. ಹೀಗಳೆಯುವ ಉದ್ದೇಶ ನನಗಿಲ್ಲ. ಆ ದುಡಿಮೆಗೆ ಗೌರವ ಕೊಡಬೇಕೆಂದೇ ಅದರ ಲೆಕ್ಕ ಪೂರ್ತಿ ಹಾಕಬೇಕು ಎನ್ನುತ್ತೇನೆ. ದೀಪಾವಳಿಯ ಮುಂಚೆ ಅಪಾರ್ಟ್‌ಮೆಂಟಿನ ಮೇಳವೊಂದರಲ್ಲಿ 2,000 ರೂಪಾಯಿ ಬಾಡಿಗೆಗೆ ಮೇಜು ಹಿಡಿದು, ಇಪ್ಪತ್ತು ಮೇಣದಬತ್ತಿಯನ್ನು ತಲಾ 400ಕ್ಕೆ ಮಾರಿದರು ಎನ್ನೋಣ. ಬಂದದ್ದು 8,000. ಸಾಮಗ್ರಿಗೆ 3,200, ಬಾಡಿಗೆಗೆ 2,000, ಡಬ್ಬಕ್ಕೆ ತಲಾ 25ರಂತೆ 500 ಕಳೆದರೆ ಉಳಿಯುವುದು 2,300. ಲೋಟ ತೊಳೆದು ಒರೆಸಿ, ಬತ್ತಿ ನಿಲ್ಲಿಸಿ, ಕರಗಿಸಿ ಸುರಿಯುವುದಕ್ಕೆ 7 ಗಂಟೆ, ಲೇಬಲ್ ಮತ್ತು ಪ್ಯಾಕಿಂಗ್‌ಗೆ 4, ಮೇಳದಲ್ಲಿ ಕೂರಲು 9. ಒಟ್ಟು 20 ಗಂಟೆ. ಗಂಟೆಗೆ 115 ರೂಪಾಯಿ ಬಿತ್ತು. ಇಪ್ಪತ್ತರ ಬದಲು ಹನ್ನೆರಡು ಮಾರಾಟವಾದರೆ, ಆ ಹನ್ನೆರಡರ ಲೆಕ್ಕದಲ್ಲಿ ಉಳಿಯುವುದು 580, ಗಂಟೆಗೆ 29 ರೂಪಾಯಿ; ಮಿಕ್ಕ ಎಂಟು ಮನೆಯ ಕಪಾಟಿಗೆ ವಾಪಸ್. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎನ್ನುವುದು ಅನುಕೂಲವೇ. ಆದರೆ ನೋಂದಣಿ ಇಲ್ಲದಿದ್ದರೆ ಮೇಣಕ್ಕೂ ಲೋಟಕ್ಕೂ ಕೊಟ್ಟ ತೆರಿಗೆ ಹಿಂದಕ್ಕೆ ಸಿಗದೆ ಅಸಲಿನಲ್ಲೇ ಕೂರುತ್ತದೆ. ಕೊರಿಯರ್‌ನಲ್ಲಿ ಕಳಿಸೋಣವೆಂದರೆ ಗಾಜು ಒಡೆಯುವ ಭಯ ಒಂದು ಕಡೆ. 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮುಚ್ಚಿದ ವಾಹನದೊಳಗೆ ಸೋಯಾ ಮೇಣ ಮೆತ್ತಗಾಗುವ ಭಯ ಇನ್ನೊಂದು ಕಡೆ. ಇವೆಲ್ಲವನ್ನೂ ನಿಭಾಯಿಸಿ ದುಡಿಯುವವರು ಖಂಡಿತ ಇದ್ದಾರೆ. ಅವರು ಮಾಡುತ್ತಿರುವುದು ವ್ಯಾಪಾರ, ಅದಕ್ಕೆ ಬಂಡವಾಳ, ಗಿರಾಕಿ, ಸಮಯ ಮೂರೂ ಬೇಕು. ಹವ್ಯಾಸಕ್ಕೆ ಇಳಿಯುವ ಮೊದಲೇ ‘ಮುಂದೆ ಮಾರುತ್ತೇನೆ’ ಎಂದು ಹೇಳಿಕೊಂಡು 5 ಕಿಲೋ ಮೇಣ ತರುವುದು ವ್ಯಾಪಾರವಲ್ಲ, ವ್ಯಾಪಾರದ ಹೆಸರಿನ ಖರ್ಚು.

ಮೂರನೆಯ ವಾದ ಪರಿಸರ ಮತ್ತು ಆರೋಗ್ಯದ್ದು. ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬರುತ್ತದೆ, ಸೋಯಾ ಗಿಡದಿಂದ ಬರುತ್ತದೆ. ಹಾಗಾಗಿ ದುಡ್ಡು ಹೆಚ್ಚಾದರೂ ಲಾಭವೇ ಎನ್ನುವ ತರ್ಕ. ಮೂಲದ ಬಗ್ಗೆ ಹೇಳುವುದು ನಿಜ. ಆದರೆ ಬತ್ತಿ ಉದ್ದವಾಗಿದ್ದರೆ, ಗಾಳಿಗೆ ಜ್ವಾಲೆ ಅಲುಗಾಡಿದರೆ ಸೋಯಾ ಕೂಡ ಮಸಿ ಬಿಡುತ್ತದೆ. ಬತ್ತಿಯನ್ನು ಪ್ರತಿ ಸಲ ಹಚ್ಚುವ ಮೊದಲು ಅರ್ಧ ಸೆಂಟಿಮೀಟರ್‌ನಷ್ಟಕ್ಕೆ ಕತ್ತರಿಸುವುದು ಮೇಣದ ಜಾತಿಯಷ್ಟೇ ಮುಖ್ಯ. ಪರಿಮಳ ಕೊಡುವ ತೈಲ ಬಹುತೇಕ ಎರಡರಲ್ಲೂ ಕಾರ್ಖಾನೆಯದೇ. ಬೀದರ್, ಬೆಳಗಾವಿ, ಧಾರವಾಡದಲ್ಲಿ ಸೋಯಾ ಬೆಳೆಯುತ್ತಾರೆ, ಮೇಣ ಕೊಂಡರೆ ನಮ್ಮ ರೈತರಿಗೆ ನೆರವಾಗುತ್ತದೆ ಎಂದು ಭಾವಿಸುವುದು ಹಿತವಾದ ಆಲೋಚನೆ. ಆದರೆ ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಸೋಯಾ ಎಣ್ಣೆ ತರಿಸುವ ದೇಶ ನಮ್ಮದು. ಕೈಯಲ್ಲಿರುವ ಮೇಣ ಯಾವ ಹೊಲದ್ದು ಎಂಬುದನ್ನು ಪೊಟ್ಟಣ ಹೇಳದಿದ್ದರೆ ಆ ನೆರವನ್ನು ಲಾಭದ ಕಡೆ ಬರೆಯಲಾಗದು. ಸೋಯಾ ಮೇಣ ಇಷ್ಟವೆಂದರೆ ಕೊಳ್ಳಿ. ಇಷ್ಟವೇ ಸಾಕಾದ ಕಾರಣ. ಅದಕ್ಕೆ ಪುಣ್ಯದ ಬಡ್ಡಿ ಸೇರಿಸುವುದು ಬೇಡ.

ಕಡೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಒಂದು ಲೋಟ ಮೇಣಕ್ಕೂ ಹೀಗೆ ಪೈಸೆ ಪೈಸೆ ಲೆಕ್ಕ ಹಾಕಿದರೆ ಬದುಕಿನಲ್ಲಿ ಖುಷಿ ಎಲ್ಲಿ ಉಳಿಯಿತು? ನಾನು ಲೆಕ್ಕ ಹಾಕಿ ಎನ್ನುವುದು ಆ ಖುಷಿಗಾಗಿಯೇ. ಸಿನಿಮಾ ಟಿಕೆಟಿಗೆ ಕೊಟ್ಟ ದುಡ್ಡು ತಿರುಗಿ ಬರಲಿ ಎಂದು ಯಾರೂ ಕಾಯುವುದಿಲ್ಲ. ಸಂಗೀತ ಪಾಠದ ಫೀಸಿಗೆ ಕಚೇರಿಯ ಸಂಭಾವನೆಯನ್ನು ಎದುರಿಡುವುದಿಲ್ಲ. ಕೈಕೆಲಸದ ಹವ್ಯಾಸವೊಂದಕ್ಕೇ ಏಕೆ ತನ್ನ ಅನ್ನ ತಾನೇ ದುಡಿಯಬೇಕೆಂಬ ಕಟ್ಟಳೆ? ನನಗೆ ಕಾಣುವ ಕಾರಣ ಇದು: ಇಂಥ ಹವ್ಯಾಸ ಹಿಡಿಯುವವರಲ್ಲಿ ಅನೇಕರು ಮನೆ ನೋಡಿಕೊಳ್ಳುವ ಹೆಂಗಸರು. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು ಮಗಳ ಫೀಸಿಗೆ, ಅತ್ತೆಯ ಔಷಧಕ್ಕೆ, ಹಬ್ಬದ ಸೀರೆಗೆ ಹೋದಾಗ ಯಾರೂ ಏಕೆಂದು ಕೇಳುವುದಿಲ್ಲ. ತನ್ನ ಸಂತೋಷಕ್ಕೆ 300 ರೂಪಾಯಿ ತೆಗೆದಾಗ ಮಾತ್ರ ಅವರೇ ತಮ್ಮನ್ನು ಕೇಳಿಕೊಳ್ಳುತ್ತಾರೆ. ಆಗ ಉಳಿತಾಯ, ಮಾರಾಟ ಎಂಬ ಉತ್ತರಗಳು ಬೇಕಾಗುತ್ತವೆ. ಆ ಉತ್ತರ ಸುಳ್ಳಾದ ದಿನ ದುಡ್ಡಿನ ಜೊತೆ ಮನಸ್ಸೂ ಸೋಲುತ್ತದೆ, ಮಾಡಿದ ಹನ್ನೆರಡು ಮೇಣದಬತ್ತಿ ಚೆನ್ನಾಗಿದ್ದರೂ ಅವು ಮಾರಾಟವಾಗದ ಸರಕಿನಂತೆ ಕಾಣತೊಡಗುತ್ತವೆ. ಸಬೂಬು ಹೇಳದೆ ತನಗಾಗಿ ಖರ್ಚು ಮಾಡುವ ಹಕ್ಕು ಮನೆಯ ಪ್ರತಿಯೊಬ್ಬರಿಗೂ ಇದೆ. ಮಿತಿಯೊಂದನ್ನು ಮೊದಲೇ ಗೊತ್ತು ಮಾಡಿಕೊಂಡರೆ ಆ ಹಕ್ಕನ್ನು ಅಳುಕಿಲ್ಲದೆ ಬಳಸಬಹುದು.

ಆದ್ದರಿಂದ ಮನೆಯ ಲೆಕ್ಕದ ಪುಸ್ತಕದಲ್ಲಿ ದಿನಸಿ, ಬಾಡಿಗೆ, ವಿಮೆ, ಉಳಿತಾಯದ ಪುಟಗಳ ಜೊತೆ ಹವ್ಯಾಸಕ್ಕೂ ಒಂದು ಪುಟ ತೆರೆಯಿರಿ. ತುರ್ತು ನಿಧಿಗೂ ಸಾಲದ ಕಂತಿಗೂ ಎತ್ತಿಟ್ಟ ಮೇಲೆ ತಿಂಗಳಿಗೆ 300 ರೂಪಾಯಿ ಸಾಧ್ಯವಾದರೆ 300, ಸಾವಿರವಾದರೆ ಸಾವಿರ. ಮೊದಲ ಖರೀದಿ ಚಿಕ್ಕದಾಗಿರಲಿ: 1 ಕಿಲೋ ಮೇಣ, ಒಂದೇ ಬಗೆಯ ತೈಲ 100 ಗ್ರಾಂ, ಬಿಸಿ ತಡೆಯುವ ಆರು ಲೋಟ, ಚಿಕ್ಕ ಕಟ್ಟಿನ ಬತ್ತಿ, ತೂಕದ ಯಂತ್ರ, ಥರ್ಮಾಮೀಟರ್. ಜಗ್ಗಿನ ಬದಲು ಮನೆಯ ಹಳೆಯ ಪಾತ್ರೆಯೊಂದನ್ನು ಇದಕ್ಕೇ ಮೀಸಲಿಟ್ಟರೆ ಸಾಕು. ಮೇಲಿನ ದರಗಳಲ್ಲೇ ಇದು ಸುಮಾರು 2,000 ರೂಪಾಯಿಯಲ್ಲಿ ಮುಗಿಯುತ್ತದೆ, ಅಂದರೆ ಮೊದಲು ಹೇಳಿದ 4,520ರ ಅರ್ಧಕ್ಕೂ ಕಡಿಮೆ. ಅಡುಗೆಮನೆಯಲ್ಲಿ ತೂಕದ ಯಂತ್ರ ಈಗಾಗಲೇ ಇದ್ದರೆ ಇನ್ನೂ 500 ಇಳಿಯಿತು. ಮೇಣವನ್ನು ನೇರ ಉರಿಯ ಮೇಲಿಡಬೇಡಿ, ಹೊತ್ತಿಕೊಂಡರೆ ನೀರು ಹಾಕದೆ ತಟ್ಟೆ ಮುಚ್ಚಿ, ಪಾತ್ರೆ ತೊಳೆದ ಮೇಣವನ್ನು ಸಿಂಕಿಗೆ ಬಿಡಬೇಡಿ. ಅಲ್ಲಿ ಗಟ್ಟಿಯಾದರೆ ಪ್ಲಂಬರ್ ಖರ್ಚು ಬೇರೆ. ಆರನ್ನೂ ಒಟ್ಟಿಗೆ ಮಾಡದೆ ಮೊದಲು ಒಂದನ್ನೇ ಮಾಡಿ. ಸೋಯಾ ಮೇಣದ ಸ್ವಭಾವವೇ ಇಲ್ಲಿ ನಮಗೆ ಸಹಾಯ ಮಾಡುತ್ತದೆ: ಸುರಿದ ಮೇಲೆ ಒಂದೆರಡು ವಾರ ಮುಚ್ಚಿಟ್ಟರೆ ಮಾತ್ರ ಅದರ ಪರಿಮಳ ಪೂರ್ತಿ ಬಿಟ್ಟುಕೊಡುತ್ತದೆ. ತೈಲ ಸಾಕಾಯಿತೇ, ಬತ್ತಿ ಹೊಂದಿತೇ ಎಂಬುದು ಆಗಲೇ ತಿಳಿಯುವುದು. ಆ ಎರಡು ವಾರ ಹೊಸದೇನನ್ನೂ ತರಿಸಬೇಡಿ. ಮೊದಲನೆಯದರ ಫಲ ತಿಳಿಯುವ ಮುಂಚೆ ಎರಡನೆಯದಕ್ಕೆ ತೆತ್ತ ಹಣವೇ ಹವ್ಯಾಸಗಳಲ್ಲಿ ಅತಿ ಹೆಚ್ಚು ಪೋಲಾಗುವ ಹಣ. ವರ್ಷದ ಕೊನೆಗೆ ಆ ಪುಟದ ಮೊತ್ತ ಕೂಡಿಸಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದೇ ಸಂಜೆಗಳಿಗೆ ಇಷ್ಟೇ ದುಡ್ಡನ್ನು ಮತ್ತೊಮ್ಮೆ ಕೊಡುತ್ತೇನೆಯೇ? ಹೌದಾದರೆ ಮುಂದಿನ ವರ್ಷಕ್ಕೂ ಅದೇ ಪುಟ ತೆರೆಯಿರಿ, ಕಾರಣದ ಜಾಗದಲ್ಲಿ ‘ನನಗೆ ಇಷ್ಟ’ ಎಂದಷ್ಟೇ ಬರೆಯಿರಿ.